ಮೇಜಿನ ಕೆಳಗಿನ ಆಪೆರಾ

ಶಾಲೆಯಿಂದ ಬಂದ ಕಾಗದವನ್ನು ಅಮ್ಮ ಎರಡು ಸಲ ಓದಿದಳು. "ಗುರುವಾರ ಆಪೆರಾ ಮಂದಿರದ ತಂಡ ನಮ್ಮ ಮಕ್ಕಳಿಗೆ ಆಪೆರಾ ಪರಿಚಯಿಸಲು ಬರುತ್ತಿದೆ. ತಮ್ಮಂಥ ದೊಡ್ಡ ಗಾಯಕಿ ನಮ್ಮ ಏಳನೇ ತರಗತಿಯ ಹುಡುಗಿಯೊಬ್ಬಳ ತಾಯಿ ಎಂಬುದು ನಮ್ಮ ಹೆಮ್ಮೆ. ತಾವೂ ಬಂದು ಒಂದು ಹಾಡು ಹಾಡಬೇಕು" ಎಂದು ಕ್ಲಾಸ್ ಟೀಚರ್ ಬರೆದಿದ್ದರು. ಮೂರನೇ ಸಲ ಓದಿದರೂ ಅಕ್ಷರಗಳು ಬದಲಾಗಲಿಲ್ಲ.

ಅಮ್ಮ ಆಪೆರಾ ಮಂದಿರದಲ್ಲಿ ಕೆಲಸ ಮಾಡುವುದು ನಿಜ. ಹಾಡುವುದು ಮಾತ್ರ ಸುಳ್ಳು. ಆಪೆರಾ ಎಂದರೆ ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ಅಲ್ಲಿ ನೀರು ಬೇಕಾದರೂ ರಾಗ ಎಳೆದೇ ಕೇಳಬೇಕು. ಮೂರು ಗಂಟೆ ಹಾಡುವವರು ನಡುವೆ ಎಲ್ಲಾದರೂ ಮಾತು ಮರೆಯದೆ ಇರುತ್ತಾರೆಯೇ? ಅದಕ್ಕೇ ವೇದಿಕೆಯ ತುದಿಯಲ್ಲಿ ಒಂದು ಗುಂಡಿ, ಜನರಿಗೆ ಕಾಣದಂತೆ ಅದಕ್ಕೊಂದು ಮರದ ಮರೆ. ಅದರೊಳಗೆ ಕುತ್ತಿಗೆವರೆಗೆ ಇಳಿದು ಕೂತು, ಪ್ರತಿ ಸಾಲಿನ ಮೊದಲ ಮಾತನ್ನು ಗಾಯಕರಿಗೆ ಒಂದು ಗಳಿಗೆ ಮುಂಚೆ ಪಿಸುಗುಟ್ಟುವುದು ಅಮ್ಮನ ಕೆಲಸ. ಪ್ರಾಂಪ್ಟರ್ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅವಳು ಆ ಗುಂಡಿಯಲ್ಲಿದ್ದಾಳೆ, ಮತ್ತು ಅವಳಷ್ಟು ಚೆನ್ನಾಗಿ ಗಾಯಕರ ಪಾದರಕ್ಷೆಗಳನ್ನು ನೋಡಿದವರು ಊರಲ್ಲಿ ಇನ್ನೊಬ್ಬರಿಲ್ಲ.

"ಏನೇ ಇದು?" ಎಂದು ಕಾಗದವನ್ನು ಮಗಳ ಮುಂದೆ ಹಿಡಿದಳು.

ಹನ್ನೆರಡರ ಮಗಳು ಬೀರುವಿನಲ್ಲಿ ಏನನ್ನೋ ಹುಡುಕುತ್ತಿದ್ದಳು, ಅಥವಾ ಹುಡುಕುತ್ತಿರುವಂತೆ ತಲೆ ಒಳಗಿಟ್ಟಿದ್ದಳು. "ಅದು... ಯಾವಾಗ್ಲೋ ಒಂದ್ಸಲ ಹೇಳ್ಬಿಟ್ಟಿದ್ದೆ."

"ಯಾವಾಗ್ಲೋ ಬಿಟ್ಟ ರೈಲು ಈಗ ಮನೆ ಬಾಗಿಲಿಗೇ ಬಂತಲ್ಲ."

"ಒಂದು ಕೆಲಸ ಮಾಡಮ್ಮ. ನಿಮ್ಮ ಮಂದಿರದ ಪಿಯಾನೋ ಮಾಮ ರೆಕಾರ್ಡ್ ಹಾಕ್ಲಿ, ನೀನು ಬರೀ ಬಾಯಾಡಿಸು. ಯಾರಿಗೂ ಗೊತ್ತಾಗಲ್ಲ."

"ನಾನು ಬಂದೇ ಬರ್ತೀನಿ. ಸುಳ್ಳು ಹಾಡಲ್ಲ. ನಿನ್ನ ಮೇಲೆ ಚಾಡಿನೂ ಹೇಳಲ್ಲ. ನಿಜ ಹೇಳೋದು ನಿನ್ನ ಪಾಲಿನ ಕೆಲಸ."

ಮಾತು ಖಡಾಖಂಡಿತವಾಗಿಯೇ ಬಂತು. ಆದರೆ ಒಳಗೆ ಅಮ್ಮನಿಗೆ ಚುರುಕ್ಕೆಂದಿತ್ತು. ಗುಂಡಿಯಲ್ಲಿ ಕೂರುವ ಅಮ್ಮ ಎಂದು ಹೇಳಿಕೊಳ್ಳಲು ಮಗಳಿಗೆ ನಾಚಿಕೆ, ಅದಕ್ಕೇ ಈ ಕಾಗೆ ಹಾರಿಸಿದ್ದಾಳೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ಹೌದೇ ಎಂದು ಕೇಳಲು ಬಾಯಿ ಬರಲಿಲ್ಲ. ಹೌದು ಎಂದುಬಿಟ್ಟರೆ ಏನು ಮಾಡುವುದು? ಗುರುವಾರದವರೆಗಿನ ಮೂರು ದಿನ ಮನೆಯಲ್ಲಿ ಸೋಪು, ಟವೆಲು, ಟಿಫನ್ ಡಬ್ಬಿ ಬಿಟ್ಟು ಬೇರೆ ಮಾತು ನಡೆಯಲಿಲ್ಲ.

ಗುರುವಾರ ಬಂತು. ತಂಡವೆಂದರೆ ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡ ಪಿಯಾನೋ ಮಾಮ ಮತ್ತು ಮಂದಿರದವರೆಲ್ಲ ಗುಡುಗಣ್ಣ ಎಂದು ಕರೆಯುವ ದಪ್ಪ ದನಿಯ ಗಾಯಕ. ಜೊತೆಗೆ ಅಮ್ಮ. ತರಗತಿಯಲ್ಲಿ ನಲವತ್ತು ಮಕ್ಕಳು, ಸೀಮೆಸುಣ್ಣದ ಪುಡಿ, ಅರ್ಧ ಒರೆಸಿದ ಭಿನ್ನರಾಶಿಗಳು. ಮಗಳು ಎರಡನೇ ಬೆಂಚಿನಲ್ಲಿ ಪುಸ್ತಕವನ್ನು ಕೋಟೆಯಂತೆ ನಿಲ್ಲಿಸಿಕೊಂಡು ಕೂತಿದ್ದಳು.

ಗುಡುಗಣ್ಣ ಪೀಠಿಕೆ ಹಾಕದೆ ಬಾಯಿ ತೆರೆದ. ಕಿಟಕಿಯ ಗಾಜು ಝಂಯ್ ಎಂದಿತು. ಹಿಂದಿನ ಬೆಂಚಿನಲ್ಲಿ ನಿದ್ದೆಗೆ ಜಾರಿದ್ದವನು ಎದ್ದು ನಿಂತು "ಪ್ರೆಸೆಂಟ್ ಮಿಸ್" ಎಂದ. ಇಡೀ ತರಗತಿ ಹೊಟ್ಟೆ ಹಿಡಿದು ನಕ್ಕಿತು. ಗುಡುಗಣ್ಣನೂ ನಕ್ಕ, ಅದೂ ರಾಗದಲ್ಲೇ.

ಆ ತರಗತಿಯಲ್ಲಿ ಒಬ್ಬಳಿದ್ದಳು. ಪ್ರಶ್ನೆ ಕೇಳಿ ಕೇಳಿ ಮೇಷ್ಟ್ರುಗಳ ಜೀವ ತಿನ್ನುತ್ತಿದ್ದುದರಿಂದ ಅವಳ ಹೆಸರೇ ಪ್ರಶ್ನೆಪತ್ರಿಕೆ ಎಂದಾಗಿತ್ತು. "ಸರ್, ಅಷ್ಟು ಜೋರು ಯಾಕೆ? ನಾವು ಇಲ್ಲೇ ಇದ್ದೀವಲ್ಲ."

"ಮಂದಿರದಲ್ಲಿ ಮೈಕ್ ಇರಲ್ಲಮ್ಮ. ಕೊನೇ ಸಾಲಿನವರಿಗೂ ಬರೀ ಗಂಟಲಲ್ಲೇ ತಲುಪಿಸಬೇಕು" ಎಂದ ಗುಡುಗಣ್ಣ ಕಥೆ ಶುರುಮಾಡಿದ. ಒಬ್ಬಳು ದೋಣಿಯವನನ್ನು ಪ್ರೀತಿಸುತ್ತಾಳೆ. ಅಣ್ಣನಿಗೆ ಆಗದು, ದೋಣಿಯನ್ನೇ ಮುಳುಗಿಸುತ್ತಾನೆ. ಅವಳು ನದಿಯ ದಡದಲ್ಲಿ ನೆನೆಯುತ್ತ ಕಾದು, ಜ್ವರ ಬಂದು, ಹನ್ನೊಂದು ನಿಮಿಷ ಹಾಡಿ ಸಾಯುತ್ತಾಳೆ.

"ಒದ್ದೆ ಬಟ್ಟೆ ಬದಲಾಯಿಸಬಾರದಿತ್ತಾ?" ಎಂದಳು ಪ್ರಶ್ನೆಪತ್ರಿಕೆ. ಇಪ್ಪತ್ತು ವರ್ಷ ಆ ಅಣ್ಣನ ಪಾತ್ರ ಮಾಡಿದ್ದ ಗುಡುಗಣ್ಣನಿಗೆ ಇದು ಹೊಳೆದೇ ಇರಲಿಲ್ಲ. ಅವನು ತಲೆ ಕೆರೆದುಕೊಂಡ.

ಈಗ ಅಮ್ಮನ ಸರದಿ. ಅವಳು ಟೀಚರ್ ಮೇಜಿನ ಕೆಳಗೆ ನುಸುಳಿ ಮುಖ ಮಾತ್ರ ಹೊರಗಿಟ್ಟಳು. "ಇಬ್ಬರು ಬನ್ನಿ. ಏನೂ ಗೊತ್ತಿರಬೇಕಿಲ್ಲ. ನಾನು ಪಿಸುಗುಟ್ಟಿದ್ದನ್ನ ನೀವು ಹಾಡಿ, ರಾಗ ಹೇಗಾದ್ರೂ ಇರ್ಲಿ. ಕೈ ಎತ್ತಿದ್ರೆ ಶುರು."

ನಿದ್ದೆಯವನು ದೋಣಿಯವನಾದ, ಪ್ರಶ್ನೆಪತ್ರಿಕೆ ಅಣ್ಣನಾದಳು. ಕೈಯಲ್ಲಿ ಸ್ಕೇಲಿನ ಕತ್ತಿ. ಮೇಜಿನ ಕೆಳಗಿನಿಂದ ಮಾತು ಹೊರಟಿತು.

"ನಿನ್ನ ತಂಗಿಯನ್ನು ಕಳಿಸು, ನದಿ ಕಾಯುವುದಿಲ್ಲ" ಎಂದು ನಿದ್ದೆಯವನು ಬಸ್ ಹಾರ್ನಿನ ರಾಗದಲ್ಲಿ ಹಾಡಿದ.

"ನದಿ ಕಾಯಲಿ, ನನ್ನ ಕತ್ತಿ ಕಾಯುವುದಿಲ್ಲ" ಎಂದು ಅವಳು ಪ್ರಾರ್ಥನೆಯ ರಾಗದಲ್ಲಿ ತಿರುಗೇಟು ಕೊಟ್ಟಳು.

ಮೊದಮೊದಲು ಮಕ್ಕಳು ಕಿಸಿಕಿಸಿ ನಗುತ್ತಿದ್ದರು. ಮೂರು ನಿಮಿಷವಾಗುವಷ್ಟರಲ್ಲಿ ಅರ್ಧ ತರಗತಿ ಅಣ್ಣನ ಪರ, ಅರ್ಧ ದೋಣಿಯವನ ಪರ ಆಗಿತ್ತು. ಇಬ್ಬರೂ ಬೆವರಿ, ಒಂದು ಮಾತೂ ತಪ್ಪದೆ ಜಗಳ ಮುಗಿಸಿ ನಿಂತಾಗ ಚಪ್ಪಾಳೆಯೋ ಚಪ್ಪಾಳೆ. ತಾವೇ ಹಾಡಿದ್ದೆಂದು ಅವರಿಗೇ ನಂಬಿಕೆಯಿರಲಿಲ್ಲ.

ಕ್ಲಾಸ್ ಟೀಚರ್ ಮುಂದೆ ಬಂದರು. "ತುಂಬ ಚೆನ್ನಾಗಿತ್ತು. ಈಗ ಎಲ್ಲರೂ ಕಾಯ್ತಿರೋ ವಿಷಯ. ಮೇಡಂ, ತಮ್ಮ ಹಾಡು."

ಅಮ್ಮ ಮೇಜಿನ ಕೆಳಗಿನಿಂದ ಏಳಲಿಲ್ಲ. ಗುಡುಗಣ್ಣ ಚಾವಣಿ ನೋಡಿದ. ಎರಡನೇ ಬೆಂಚಿನಲ್ಲಿ ಪುಸ್ತಕದ ಕೋಟೆ ಕುಸಿಯಿತು.

ಮಗಳು ಎದ್ದು ನಿಂತಳು. ಮುಖ ಬಿಳುಚಿಕೊಂಡಿತ್ತು, ಬಾಯಿ ತೆರೆದಿತ್ತು, ಮಾತಿಲ್ಲ. ಈ ಮುಖವನ್ನು ಅಮ್ಮ ಇಪ್ಪತ್ತೆರಡು ವರ್ಷದಲ್ಲಿ ಸಾವಿರ ಸಲ ಕಂಡಿದ್ದಳು, ಬೇರೆ ಬೇರೆ ಬಣ್ಣ ಹಚ್ಚಿದ ಮುಖಗಳಲ್ಲಿ. ಕೋಪ, ಬೇಸರ ಎಲ್ಲ ಎತ್ತ ಹೋಯಿತೋ. ಅವಳು ಮಗಳ ಕಣ್ಣಲ್ಲಿ ಕಣ್ಣಿಟ್ಟು, ತುಟಿಯಲ್ಲೇ ಮೊದಲ ಮಾತು ಕೊಟ್ಟಳು. "ನಾನು."

"ನಾನು" ಎಂದಳು ಮಗಳು. ಉಸಿರು ಎಳೆದುಕೊಂಡಳು. "ನಾನು ಸುಳ್ಳು ಹೇಳಿದ್ದೆ. ನಮ್ಮಮ್ಮ ಹಾಡಲ್ಲ. ಹಾಡೋರಿಗೆ ಮಾತು ಕೊಡ್ತಾಳೆ, ಈಗ ಕೊಟ್ಟಳಲ್ಲ, ಹಾಗೆ."

ಇಷ್ಟು ಸಾಕಿತ್ತು. ಕೂತುಕೊಳ್ಳುತ್ತಾಳೆ ಎಂದು ಅಮ್ಮ ಅಂದುಕೊಂಡಳು. ಕೂರಲಿಲ್ಲ.

"ಚಿಕ್ಕೋಳಿದ್ದಾಗ ಅಮ್ಮ ಪಾತ್ರೆ ತೊಳೀತಾ ಎಲ್ಲರ ಮಾತೂ ಒಬ್ಬಳೇ ಹೇಳ್ಕೊಳ್ಳೋಳು. ರಾಜಂದು, ಕಳ್ಳಂದು, ಮುದುಕಿದು. ನಾನು ಅಡುಗೆಮನೆ ಹೊರಗೆ ಕೂತು ಕೇಳ್ತಿದ್ದೆ. ಎಲ್ಲರಿಗಿಂತ ದೊಡ್ಡ ಗಾಯಕಿ ಇವಳೇ ಅಂದ್ಕೊಂಡಿದ್ದೆ. ಎರಡನೇ ಕ್ಲಾಸಲ್ಲಿ ಎಲ್ಲರಿಗೂ ಹೇಳ್ಬಿಟ್ಟೆ. ಆಮೇಲೆ ಹಾಗಲ್ಲ ಅಂತ ಗೊತ್ತಾಯ್ತು. ಆದ್ರೆ ಹೇಳಿದ್ದನ್ನ ವಾಪಸ್ ತಗೊಳ್ಳೋಕೆ ಮನಸ್ಸು ಬರ್ಲಿಲ್ಲ." ಅವಳು ಬೆಂಚಿನ ಅಂಚನ್ನು ಉಗುರಿಂದ ಕೆರೆದಳು. "ನನಗೆ ಈಗ್ಲೂ ಹಾಗೇ ಅನ್ಸತ್ತೆ."

ಮಂದಿರದ ನಲವತ್ತು ಆಪೆರಾಗಳಲ್ಲಿ ಮುಂದಿನ ಸಾಲು ಯಾವುದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅಮ್ಮ ಹೇಳಬಲ್ಲಳು. ಈ ಸಾಲು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಮೂರು ದಿನ ಸುಮ್ಮಸುಮ್ಮನೆ ಮುಖ ಊದಿಸಿಕೊಂಡಿದ್ದಕ್ಕೆ ತನ್ನ ಮೇಲೇ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಮೇಜಿನ ಕೆಳಗಿದ್ದುದು ಒಳ್ಳೆಯದೇ ಆಯಿತು.

"ಹಾಗಾದ್ರೆ ಆಂಟಿಗೆ ಎಲ್ಲರ ಪಾತ್ರನೂ ಬರತ್ತಾ?" ಎಂದಳು ಪ್ರಶ್ನೆಪತ್ರಿಕೆ. ಸುಳ್ಳಿನ ವಿಚಾರ ಅವಳಿಗೆ ಆಗಲೇ ಹಳೆಯದಾಗಿತ್ತು. "ಹಾಡೋದು ಬೇಡ. ಪಾತ್ರೆ ತೊಳೀತಾ ಹೇಳ್ತಾರಲ್ಲ, ಹಾಗೇ ಹೇಳ್ಲಿ. ಆ ಜ್ವರದ ಹುಡುಗಿ ಸಾಯೋದನ್ನ."

ಅಮ್ಮ ಹೊರಗೆ ಬಂದಳು. ಡಸ್ಟರ್ ಎತ್ತಿಕೊಂಡು ಬೋರ್ಡಿನ ಭಿನ್ನರಾಶಿಗಳನ್ನು ಪಾತ್ರೆ ತಿಕ್ಕಿದಂತೆ ತಿಕ್ಕುತ್ತ ಪಿಸುದನಿಯಲ್ಲಿ ಶುರುಮಾಡಿದಳು. ಅಣ್ಣ ಗದರಿದ, ದೋಣಿಯವನು ಕರೆದ, ಜ್ವರದ ಹುಡುಗಿ ನದಿಯ ಕಡೆ ನೋಡಿದಳು. ನಲವತ್ತು ತಲೆಗಳು ಮುಂದಕ್ಕೆ ಬಾಗಿದವು. ಪಿಯಾನೋ ಮಾಮನ ಒಂದು ಬೆರಳು ತಾನಾಗಿಯೇ ಜೊತೆ ಸೇರಿತು. ಗುಡುಗಣ್ಣ, ಇಪ್ಪತ್ತು ವರ್ಷ ಆ ದೋಣಿಯನ್ನು ಮುಳುಗಿಸಿದವನು, ಕರವಸ್ತ್ರ ತೆಗೆದ.

ಎಂಟನೇ ನಿಮಿಷಕ್ಕೆ ಗಂಟೆ ಹೊಡೆಯಿತು. ಯಾರೂ ಅಲುಗಾಡಲಿಲ್ಲ. ಬಾಗಿಲಲ್ಲಿ ಗಣಿತದ ಮೇಷ್ಟ್ರು ಪುಸ್ತಕ ಹಿಡಿದು ಬಂದು ನಿಂತು ಕೆಮ್ಮಿದರು.

ಮಗಳು ಎದ್ದು ಅವರ ಬಳಿಗೆ ಹೋದಳು. "ಇನ್ನು ಮೂರೇ ನಿಮಿಷ, ಸರ್" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. "ಅವಳು ಇನ್ನೂ ಸತ್ತಿಲ್ಲ. ನಮ್ಮಮ್ಮ ಹೇಳ್ತಿದ್ದಾಳೆ."

ಆಮೇಲೆ ಮರ್ಯಾದೆಯಿಂದಲೇ ಬಾಗಿಲು ಮುಚ್ಚಿದಳು. ಬಂದು ಮೊದಲನೇ ಬೆಂಚಿನಲ್ಲಿದ್ದವರನ್ನು ಸರಿಸಿ, ಅಮ್ಮನಿಗೆ ತೀರ ಹತ್ತಿರದಲ್ಲಿ ಕೂತಳು.