ಆ ಕಡೆ ಕೂತವರು

ಅಣ್ಣನ ಮೇಜಿನ ಮೂರನೇ ಡ್ರಾಯರನ್ನೂ ಕುಶಲಾ ಎಳೆದಳು. ಆಧಾರ್ ಕಾರ್ಡು ಅದರಲ್ಲೂ ಇರಲಿಲ್ಲ. ಹೊರಗೆ ಚಾವಡಿಯಲ್ಲಿ ಅಣ್ಣ ದೇವದಾಸನ ಹೆಣ. ಸ್ಮಶಾನದ ರಿಜಿಸ್ಟರಿಗೆ ಆಧಾರ್ ಬೇಕೆಂದು ಗಡಿಬಿಡಿಯಲ್ಲಿ ಯಾರೋ ಅವಳನ್ನೇ ಒಳಗೆ ಕಳಿಸಿದ್ದರು. ಒಂಬತ್ತು ವರ್ಷದಿಂದ ಕಾಪುವಿನ ಈ ಮನೆಗೆ ಕಾಲಿಡದವಳಿಗೆ ಯಾವುದು ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು?

ಕುಟುಂಬದ ಹಿರಿಯರಾದ ಗುಣಪಾಲಣ್ಣ ಬಾಗಿಲಿಗೆ ಬಂದರು. "ಕುಶಲಾ, ಬಾಯಿಗೆ ನೀರು ಬಿಡ್ಲಿಕ್ಕೆ ಬಾ. ನೀನೊಬ್ಬಳೇ ಬಾಕಿ."

"ಬಂದೆ," ಎಂದಳು. ಮತ್ತೆ ಡ್ರಾಯರಿಗೇ ಕೈ ಹಾಕಿದಳು. ತನ್ನ ಕೈಯ ನೀರು ಅಣ್ಣನಿಗೆ ಬೇಕೋ ಬೇಡವೋ, ಅದೇ ಅವಳಿಗೆ ತಿಳಿಯದ್ದು.

*

ಒಂಬತ್ತು ವರ್ಷದ ಹಿಂದೆ ಅಮ್ಮ ತೀರಿದ ದಿನ ಅವಳು ಬೆಳ್ಮಣ್ಣಿನಿಂದ ಬಂದು ಮುಟ್ಟುವಾಗ ಚಿತೆ ಉರಿಯುತ್ತಿತ್ತು. "ಅರ್ಧ ಗಂಟೆ ಕಾಯ್ಲಿಕ್ಕೆ ಆಗ್ಲಿಲ್ವಾ? ಇನ್ನು ನನಗೆ ಅಣ್ಣ ಅಂತ ಇಲ್ಲ," ಎಂದು ಊರವರ ಎದುರೇ ಹೇಳಿದ್ದಳು. ಆಮೇಲೆ ಒಂದು ಫೋನೂ ಇಲ್ಲ. ಹಟದಲ್ಲಿ ಇಬ್ಬರೂ ಒಂದೇ ಅಚ್ಚು.

ಕಸುಬೂ ಒಂದೇ. ಮನೆಯಲ್ಲೇ ಕೂತು ಅನುವಾದ, ಅದೂ ಆಸ್ಪತ್ರೆಯ ಕಾಗದಗಳದ್ದು. ಹೊಸ ಔಷಧಿಯ ಪರೀಕ್ಷೆಗೆ ಸೇರುವ ರೋಗಿಯ ಒಪ್ಪಿಗೆಪತ್ರವನ್ನು ಒಬ್ಬರು ಕನ್ನಡಕ್ಕೆ ತರಬೇಕು. ಇನ್ನೊಬ್ಬರು ಮೂಲ ನೋಡದೆ ಅದನ್ನು ತಿರುಗಿ ಇಂಗ್ಲಿಷಿಗೆ ಒಯ್ಯಬೇಕು. ಆಮೇಲೆ ಮೊದಲಿನವರು ಎರಡನ್ನೂ ತಾಳೆ ನೋಡಬೇಕು. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯಬಾರದೆಂದು ಏಜೆನ್ಸಿಯ ನಿಯಮ. ಕುಶಲಾ ತಿರುಗಿ ಒಯ್ಯುವವಳು. ಆರು ವರ್ಷದಿಂದ ತನಗೆ ಬರುತ್ತಿದ್ದ ಕನ್ನಡ ಒಬ್ಬರದೇ ಎಂದು ಅವಳಿಗೆ ಅನಿಸಿತ್ತು. ಯಾರೋ ಪುಣ್ಯಾತ್ಮ, ರೋಗಿಯ ಪಕ್ಕ ಕೂತು ಮಾತಾಡಿದ ಹಾಗೆ ಬರೆಯುತ್ತಾನೆ ಎಂದುಕೊಂಡಿದ್ದಳು.

*

ಮೇಜಿನ ಮೇಲಿನ ಕಾಗದ ಸರಿಸಿದಳು. "ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಟ್ಟುಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ." ಕಳೆದ ಮಂಗಳವಾರ ಅವಳು ಇಂಗ್ಲಿಷಿಗೆ ಒಯ್ದ ವಾಕ್ಯ. ಪಕ್ಕದಲ್ಲೇ ಅವಳ ಇಂಗ್ಲಿಷು. ಅಂಚಿನಲ್ಲಿ ಅಣ್ಣನ ಕೈಬರಹ: "ಇವರದನ್ನು ತಿದ್ದಬೇಡಿ. ನಾನು ಹೇಳಿದ್ದನ್ನೇ ಕೇಳಿಸಿಕೊಂಡಿದ್ದಾರೆ."

ಇದೆಂಥ ಗ್ರಹಚಾರ. ಆರು ವರ್ಷದ ಆ ಪುಣ್ಯಾತ್ಮ ಅಣ್ಣನೇ. ಕುಶಲಾ ಹಾಳೆಯನ್ನು ಕೈಗೆತ್ತಿಕೊಂಡಳು.

ಅಣ್ಣನ ಮಗಳು ಯಶ್ಮಿತಾ ಬಂದಳು. "ಮಾಮಿ, ಆಧಾರ್ ಅಪ್ಪನ ಪರ್ಸಲ್ಲೇ ಉಂಟು."

"ಇದನ್ನು ಇಂಗ್ಲಿಷ್ ಮಾಡಿದ್ದು ಯಾರಂತ ಅಪ್ಪನಿಗೆ ಗೊತ್ತಿತ್ತಾ?"

"ನನಗೆ ಗೊತ್ತಿಲ್ಲ. ಅದನ್ನು ಕೇಳ್ಲಿಕ್ಕಿಲ್ಲ ಅಂತಿದ್ರು. ಒಮ್ಮೆ ಏಜೆನ್ಸಿಯವರು ಇಂಗ್ಲಿಷ್ ಮಾಡುವ ಆ ಕಡೆಯವರನ್ನು ಬದಲಾಯಿಸ್ತೇವೆ ಅಂದಾಗ, ಹಾಗಾದ್ರೆ ನಾನೂ ಬಿಡ್ತೇನೆ ಅಂದಿದ್ರು. ಎಂತ ಮಾಮಿ?"

ಗೊತ್ತಿತ್ತೋ, ಇಲ್ಲವೋ? ಅಳು ಬಂತು, ಯಾವುದಕ್ಕೆಂದು ಅವಳಿಗೇ ತಿಳಿಯಲಿಲ್ಲ.

ಚಾವಡಿಗೆ ಬಂದು ಅಣ್ಣನ ತಲೆಯ ಬಳಿ ಕೂತಳು. ತುಳಸಿ ಎಲೆಯಿಂದ ನೀರು ಬಿಟ್ಟಳು. "ಅಣ್ಣ, ಆ ಕಡೆ ಕೂತದ್ದು ನಾನು."

ನೀರು ತುಟಿಯಿಂದ ಜಾರಿ ಕೆನ್ನೆಗೆ ಇಳಿಯಿತು.

"ಸಾಕು ಕುಶಲಾ, ಏಳು. ಹೊತ್ತಾಯ್ತು," ಎಂದರು ಗುಣಪಾಲಣ್ಣ.

ಅವಳು ಏಳಲಿಲ್ಲ. ಒದ್ದೆ ಕೆನ್ನೆಯನ್ನು ಸೆರಗಿನಿಂದ ಒರೆಸಿ, ಬಗ್ಗಿ, ತನ್ನ ಕಿವಿಯನ್ನು ಅವನ ಬಾಯಿಯ ಹತ್ತಿರ ಹಿಡಿದಳು.