ಇಪ್ಪತ್ತೆಂಟು ದಿನದ ಕಾವು

ಬೊಗಳಲಿಲ್ಲ ಕೆಂಚ, ಗೇಟಿನ ತಗಡಿಗೆ ಬಾಲ ಬಡಿಯುವ ಸದ್ದು ಮಾತ್ರ, ಡಬ್ ಡಬ್ ಡಬ್, ಹಿತ್ತಿಲವರೆಗೂ ಕೇಳುತ್ತಿದೆ, ಬೆಟ್ಟಮ್ಮನ ಮುಷ್ಟಿಯಲ್ಲಿದ್ದ ನುಚ್ಚು ಮುಷ್ಟಿಯಲ್ಲೇ ಉಳಿಯಿತು, ಕಾಲ ಸುತ್ತ ಕೋಳಿಗಳು ತಲೆಯೆತ್ತಿ ಕಾಯುತ್ತಿವೆ — ಕಾಯಲಿ — ಈ ನಾಯಿ ಗ್ಯಾಸಿನವನಿಗೆ ಬೊಗಳುತ್ತದೆ, ಕರೆಂಟು ಬಿಲ್ಲಿನವನಿಗೆ ಬೊಗಳುತ್ತದೆ, ಪಕ್ಕದ ಮನೆಯ ಚಿಕ್ಕಬೋರಮ್ಮ ದಿನಕ್ಕೆ ಹತ್ತು ಸಲ ಬಂದರೆ ಹತ್ತು ಸಲವೂ ಬೊಗಳುತ್ತದೆ, ಊರಿಗೆಲ್ಲ ಬೊಗಳುವ ಈ ಮುಂಡೇದು ಒಬ್ಬಳಿಗೆ ಮಾತ್ರ ಹೀಗೆ ಬಾಲ ಬಡಿಯುತ್ತದೆ, ಮಗ ಧರ್ಮೇಂದ್ರ ಇದನ್ನು ಮರಿಯಾಗಿದ್ದಾಗ ಅಂಗಿಯೊಳಗೆ ಇಟ್ಟುಕೊಂಡು ಬೈಕಿನಲ್ಲಿ ತಂದಾಗ ಬಟ್ಟಲಲ್ಲಿ ಹಾಲಿಟ್ಟು ಸಾಕಿದವಳು ಅವಳೇ, ಸೊಸೆ, ಸುನಿತಾ. ಬಂದೇಬಿಟ್ಟಳು. ನಾಗಮಂಗಲದ ಬಸ್ಸು ಬಾಬುರಾಯನಕೊಪ್ಪಲಿಗೆ ಬರುವುದು ಹತ್ತೂವರೆಗೆ, ಅಷ್ಟರೊಳಗೆ ಮಗುವಿಗೆ ನೀರು ಹುಯ್ದು, ಎರಡು ತುತ್ತು ತಿನ್ನಿಸಿ, ಏನಾದರೂ ಒಂದು ದಾರಿ ಹುಡುಕೋಣ ಅಂದುಕೊಂಡಿದ್ದಳು, ಯಾವ ದಾರಿ, ದಾರಿಗಳೆಲ್ಲ ಮುಗಿದವು, ಮೊಮ್ಮಗಳು ಚಿನ್ನು ಅಲ್ಲಿ ಹೀರೆ ಚಪ್ಪರದ ಕೆಳಗೆ, ಬೋರಲು ಹಾಕಿದ ಬಿದಿರುಬುಟ್ಟಿ, ಮಂಕರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಡ್ಡಿಗಳ ಸಂದಿಗೆ ಬೆರಳು ತೂರಿಸಿ ಒಳಗಿನ ನವಿಲು ಮರಿಗಳನ್ನು ಮಾತಾಡಿಸುತ್ತಿದ್ದಾಳೆ, ಬೆನ್ನು ಥೇಟು ಅವರಪ್ಪನದೇ, ಹಾಗೇ ಒಂದು ಹೆಗಲು ಮೇಲೆ, ಒಂದು ಹೆಗಲು ಕೆಳಗೆ. ಗೇಟಿಗೆ ಒಳಗಿನಿಂದ ಚಿಲಕ ಹಾಕಿದೆ.

ಹಿತ್ತಿಲ ಗೋಡೆಯ ಕಡೆ ನೋಡಬಾರದು, ನೋಡಿದಳು. ಅದು ಅಲ್ಲೇ ಇದೆ. ಬರದಿರಲಿ ಅಂತ ಗೋಡೆಯ ಉದ್ದಕ್ಕೂ ಜಾಲಿ ಮುಳ್ಳು ಹೊದಿಸಿದ್ದರೆ ಆ ಮುಳ್ಳಿನ ಮೇಲೇ ನಿಂತು, ಕತ್ತು ಚಾಚಿ, ಕೆಳಗಿನ ಮಂಕರಿಯನ್ನೇ ನೋಡುತ್ತಿದೆ ಹೆಣ್ಣು ನವಿಲು, ಇವತ್ತಿಗೆ ಇಪ್ಪತ್ತಾರು ದಿನ. ಎಲ್ಲ ಗಂಡನಿಂದ ಆದದ್ದು ಅಂದುಕೊಂಡರೆ ಎದೆ ಸ್ವಲ್ಪ ಹಗುರಾಗುತ್ತದೆ, ಆದರೆ ಪುಟ್ಟಸ್ವಾಮಿ ತಂದದ್ದು ಬರೀ ಮೊಟ್ಟೆ — ಕಬ್ಬು ಕಡಿಯುವಾಗ ಮಚ್ಚಿನ ಬುಡದಿಂದಲೇ ಬಡಬಡ ಎದ್ದು ಹಾರಿತಂತೆ, ಮಚ್ಚು ಅದರ ಕಾಲಿಗೆ ತಾಗಿತು ಅಂತ ಕಾಣ್ತದೆ ಕಣಮ್ಮಿ ಅಂದ, ಅದು ಕೂತಿದ್ದ ಜಾಗದಲ್ಲಿ ಐದು ಮೊಟ್ಟೆ, ಬಿಸಿ ಇನ್ನೂ ಆರಿರಲಿಲ್ಲ, ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದು, ಆಮ್ಲೇಟ್ ಆಕ್ಕೊಡ್ತೀಯಾ ಅಂತ ಹಲ್ಲು ಕಿರಿದ, ಥೂ ನಿನ್ನ, ಸುಬ್ಬಪ್ಪನ ವಾಹನ ಕಣಯ್ಯ ಅದು, ಬುಡು ಇಲ್ಲಿ, ಕಾವಿಗೆ ಇಕ್ತೀನಿ ಅಂದವಳು ತಾನೇ. ಕೆಂಪು ಹ್ಯಾಟೆ ಕೋಳಿ ಆಗತಾನೆ ಕಾವಿಗೆ ಬಂದು ಬುಟ್ಟಿ ಬಿಟ್ಟು ಏಳುತ್ತಿರಲಿಲ್ಲ, ಲೊಕ್ ಲೊಕ್ ಅನ್ನುತ್ತ ಯಾರು ಹತ್ತಿರ ಹೋದರೂ ಕುಕ್ಕುತ್ತಿತ್ತು, ಅದರ ಹೊಟ್ಟೆಯ ಕೆಳಗಿಂದ ಅದರದೇ ಮೊಟ್ಟೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು ಈ ಐದನ್ನು ಸೇರಿಸಿದಳು, ಅದಕ್ಕೆ ಗೊತ್ತೇ ಆಗಲಿಲ್ಲ, ಗುಡುಗಿಗೆ ಕೆಡದಿರಲಿ ಅಂತ ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆಯನ್ನೂ ಇಟ್ಟಳು. ಕೋಳಿ ಇಪ್ಪತ್ತೊಂದು ದಿನ ಕೂರುತ್ತದೆ, ನವಿಲಿನ ಮೊಟ್ಟೆಗೆ ಬೇಕಾದ್ದು ಇಪ್ಪತ್ತೆಂಟು, ಮಿಕ್ಕ ಏಳು ದಿನದಲ್ಲಿ ಎಲ್ಲರೂ ಸೋಲುವುದು, ಕೋಳಿ ಬೇಸತ್ತು ಎದ್ದು ಹೋಗುತ್ತದೆ, ಮೊಟ್ಟೆ ತಣ್ಣಗಾಗುತ್ತದೆ, ಬೆಟ್ಟಮ್ಮ ಸೋಲಲಿಲ್ಲ — ಮೇಲೆ ಮಂಕರಿ ಕವುಚಿ, ಗೋಣಿ ಹೊದಿಸಿ ಕತ್ತಲೆ ಮಾಡಿ, ಕೊಕ್ಕಿನ ಹತ್ತಿರಕ್ಕೇ ನುಚ್ಚು ನೀರು ಹಿಡಿದು, ಇನ್ನೊಂದೇ ದಿನ ಕಣವ್ವ, ಇನ್ನೊಂದೇ ದಿನ, ಅಂತ ಬೆನ್ನು ಸವರಿ ಸುಳ್ಳು ಹೇಳಿ ಹೇಳಿ ಏಳು ದಿನ ಕೂರಿಸಿದಳು. ಐದಕ್ಕೆ ಐದೂ ಒಡೆದವು. ನಿನ್ ಕೈಗುಣ ಯಾರಿಗೂ ಬರಕಿಲ್ಲ ಕಣಕ್ಕ ಅಂದಳು ಚಿಕ್ಕಬೋರಮ್ಮ, ಫಾರೆಸ್ಟಿನೋರಿಗೆ ಗೊತ್ತಾದ್ರೆ ಇಬ್ರೂ ಒಟ್ಗೆ ಜೈಲಿಗೆ ಓಗೋದು ಅಂದ ಪುಟ್ಟಸ್ವಾಮಿ. ಎರಡನ್ನು ಹದ್ದು ಎತ್ತಿತು, ಮೂರು ಉಳಿದವು, ಮರಿಗಳು ಅಂಗಳಕ್ಕೆ ಇಳಿದ ದಿನವೇ ಈ ನವಿಲು ಗೋಡೆಗೆ ಬಂದು ನಿಂತಿತು. ಊರ್ ತುಂಬ ನವಿಲವೆ, ಅದೇ ಅಂತ ಎಂಗ್ ಯೋಳ್ತೀಯ, ಅಂದವನು ಒಂದು ಸಂಜೆ ತಾನೇ ನೋಡಿದ, ಎಡಗಾಲು ಊರುವುದಿಲ್ಲ ಅದು, ಆಮೇಲೆ ಆ ಮಾತು ಎತ್ತಲಿಲ್ಲ. ಮೊದಮೊದಲು ಕೂಗುತ್ತಿತ್ತು, ಎದೆ ಸೀಳುವ ಹಾಗೆ, ಒಲೆಯ ಮುಂದೆ ಕೂತವಳ ಕೈಯಿಂದ ಸೌಟು ಬೀಳುವ ಹಾಗೆ, ಈಗ ಕೂಗುವುದಿಲ್ಲ, ಕತ್ತು ಚಾಚಿ ನೋಡುತ್ತದೆ ಅಷ್ಟೇ. ಕೂಗಿದರೆ ಕಲ್ಲು ಎಸೆಯಬಹುದಿತ್ತು.

ಡಬ್ ಡಬ್ — ಅತ್ತೇ ಅಂತ ಕೂಗುವುದಿಲ್ಲ ಅವಳೂ, ಮಗು ಮಲಗಿದ್ದರೆ ಎದ್ದುಬಿಟ್ಟೀತು ಅಂತ, ಮಗು ಮನೀಕಂಡದೆ ಕಣವ್ವ, ಎಬ್ಬರಿಸ್ಬ್ಯಾಡ, ರಚ್ಚೆ ಇಡೀತದೆ ಅಂತ ಹೇಳಿ ಹೇಳಿ ಅಭ್ಯಾಸ ಮಾಡಿಸಿದವಳು ತಾನೇ ಅಲ್ಲವೆ. ಮಾಕವಳ್ಳಿ ರಸ್ತೆಯಲ್ಲಿ ಹಿಂದೆ ಲೈಟಿಲ್ಲದ ಕಬ್ಬಿನ ಟ್ರಾಕ್ಟರು, ಸಂಜೆ ಏಳು ಗಂಟೆ, ಧರ್ಮೇಂದ್ರನ ಬೈಕು — ಅಲ್ಲಿಗೆ ಹೋಗಬೇಡ ಮನಸ್ಸೇ, ಬೇಡ — ಆಗ ಚಿನ್ನುವಿಗೆ ಒಂದೂವರೆ ವರ್ಷ, ಹನ್ನೊಂದರ ದಿನ ಕಳೆದ ಮೇಲೆ ಸುನಿತಾ ನಡುಮನೆಯ ಕಂಬಕ್ಕೆ ಒರಗಿ, ಈ ಮನೇಲಿರಕ್ಕಾಗಲ್ಲ ಅತ್ತೆ, ಸಂಜೆ ಆದ್ರೆ ಬೈಕಿನ ಸದ್ದು ಕೇಳ್ತದೆ ಅಂದಳು, ಬೆಟ್ಟಮ್ಮನಿಗೂ ಕೇಳುತ್ತಿತ್ತು, ಹೇಳಲಿಲ್ಲ, ಹೇಳಿದ್ದರೆ ಇಬ್ಬರೂ ಕೂತು ಒಟ್ಟಿಗೆ ಅಳಬಹುದಿತ್ತು, ಅದರ ಬದಲು ಅಂದದ್ದೇನು, ಓಗವ್ವ, ಅಣ್ಣನ ಮನೇಲಿ ನಾಕು ದಿನ ಇದ್ದು ಒಂದು ಕೆಲ್ಸ ಅಂತ ನೋಡ್ಕೋ, ಮಗೀನ ಮೂರು ತಿಂಗಳು ನನ್ ತಾವ್ ಬುಟ್ಟಿರು. ಮೂರು ತಿಂಗಳು ಅಂದದ್ದು ಸುಳ್ಳಲ್ಲ, ಅವತ್ತಿಗೆ ಸುಳ್ಳಲ್ಲ. ಅವಳು ಬಂದು ಹೋದಾಗಲೆಲ್ಲ ಮಗು ಅತ್ತೂ ಅತ್ತೂ ಜ್ವರ ಬರಿಸಿಕೊಳ್ಳುತ್ತಿತ್ತು, ಕೆಲವು ದಿನ ಬರಬ್ಯಾಡ ಕಣವ್ವ ಅಂದಳು, ಅದೂ ಸುಳ್ಳಲ್ಲ, ಆಮೇಲೆ ಮಗು ಅಳುವುದು ನಿಂತಿತು, ನಿಂತದ್ದನ್ನು ಹೇಳಲಿಲ್ಲ, ಅಲ್ಲಿಂದ ಶುರುವಾದದ್ದು ಸುಳ್ಳು — ತಾತನ ಜೊತೆ ಗದ್ದೆಗೆ ಓಯ್ತು, ಕೆ.ಆರ್. ಪೇಟೆಗೆ ನಮ್ ನಾದಿನಿ ಮನೆಗೆ ಕಳ್ಸಿವ್ನಿ, ಈಗ ತಾನೆ ಕಣ್ಣು ಮುಚ್ತು — ನಾಲ್ಕು ವರ್ಷ ಹೀಗೇ, ಎರಡು ವಾರಕ್ಕೊಮ್ಮೆ ಬರುವಳು, ಜಗಲಿಯಲ್ಲಿ ಕೂತು ಅರ್ಧ ಲೋಟ ಕಾಫಿ ಕುಡಿದು, ಫ್ರಾಕಿನ ಕವರು ಇಟ್ಟು, ಕೆಂಚನ ತಲೆ ಸವರಿ, ಬರ್ತೀನತ್ತೆ ಅಂತ ಹೋಗುವಳು, ಆ ಫ್ರಾಕುಗಳನ್ನೆಲ್ಲ ತಾತ ತಂದದ್ದು ಅಂತ ತೊಡಿಸಿದ್ದಾಯಿತು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿತ್ತು, ಜಗಳಗಂಟಿಯಾಗಿದ್ದರೆ, ಬಾಯಿ ಮಾಡಿ ಬೀದಿಗೆ ಎಳೆದಿದ್ದರೆ. ಒಬ್ಬನೇ ಮಗ ಹೋದ ಮನೆ, ಮಗುವೂ ಹೋದರೆ ಗೋಡೆಗಳ ಜೊತೆ ಮಾತಾಡಬೇಕಿತ್ತು, ಅಷ್ಟೇ, ಬೇರೆ ಯಾವ ದುರಾಸೆಯೂ ಇಲ್ಲ ದೇವರಾಣೆ. ಅಂಗನವಾಡಿ ಮೇಡಮ್ಮು ನಿಮ್ಮಮ್ಮನ ಹೆಸರೇನು ಪುಟ್ಟಿ ಅಂದರೆ ಬೆಟ್ಟಮ್ಮ ಅಂದಿತಂತೆ ಮಗು, ಚಿಕ್ಕಬೋರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದು ಹೇಳಿದಳು, ಬೆಟ್ಟಮ್ಮನೂ ನಕ್ಕಳು, ಅವತ್ತು ಪಾಯಸ ಮಾಡಿದಳು, ಯಾಕಮ್ಮಿ ಪಾಯ್ಸ ಅಂದ ಗಂಡ, ಸುಮ್ಕೆ ಉಣ್ಣಯ್ಯ ಅಂದಳು. ಮೊನ್ನೆ ಸೋಮವಾರ ಸುನಿತಾಳ ಫೋನು ಅವನಿಗೇ ಬಂದದ್ದು, ಮಾವ, ಜೆರಾಕ್ಸ್ ಅಂಗಡೀಲಿ ಕೆಲ್ಸ ಗಟ್ಟಿ ಆಯ್ತು, ರೂಮು ಮಾಡಿವ್ನಿ, ಒಂದನೇ ಕ್ಲಾಸಿಗೆ ಸೀಟೂ ಸಿಕ್ತು, ಭಾನುವಾರ ಬಂದು ಮಗೂನ ಕರ್ಕೊಂಡೋಗ್ತೀನಿ. ಇವತ್ತು ಬೆಳಿಗ್ಗೆ ಚಿನ್ನುವನ್ನು ಗದ್ದೆಗೆ ಕರೆದುಕೊಂಡು ಹೋಗು ಅಂದರೆ, ಇಷ್ಟ್ ದಿನ ನೀನ್ ಯೋಳ್ದಂಗೆ ಸುತ್ತಿದ್ದಾಯ್ತು ಕಣಮ್ಮಿ, ಇನ್ ನನ್ ಕೈಲಾಗಕಿಲ್ಲ, ಆ ಎಣ್ಣಿನ ಮೊಕ ನೋಡಕಾಗಕಿಲ್ಲ ಅಂದು, ಆರು ಗಂಟೆಗೇ ಡೈರಿಗೆ ಹಾಲು ಹಾಕಿ ಬಂದವನು ಅದೇ ಖಾಲಿ ಕ್ಯಾನು ನೇತುಹಾಕಿಕೊಂಡು ಮತ್ತೆ ಡೈರಿಗೆ ಹೊರಟ.

ಅವ್ವಾ, ನೋಡು, ನವಿಲಮ್ಮ ಇವತ್ತೂ ಬಂದದೆ — ಚಿನ್ನು ಗೋಡೆಯ ಕಡೆ ಕೈ ತೋರಿಸುತ್ತಿದ್ದಾಳೆ, ಅಜ್ಜಿಯನ್ನು ಅವ್ವ ಅನ್ನುವುದನ್ನು ಯಾರೂ ತಿದ್ದಲಿಲ್ಲ, ಬೆಟ್ಟಮ್ಮ ತಿದ್ದಗೊಡಲಿಲ್ಲ — ಪಾಪ ಕಣವ್ವ, ಅದರ ಕಾಲು ನೋಯ್ತದೆ, ಮಂಕರಿ ಎತ್ತವ್ವ, ಮರಿಗಳು ಓಗ್ಲಿ. ಹದ್ದು ಬರ್ತದೆ ಕಣವ್ವ, ಅಂದಳು ಬೆಟ್ಟಮ್ಮ. ಅವರವ್ವ ಅಲ್ಲೇ ಅದೆಯಲ್ಲ, ನೋಡ್ಕತದೆ. ಗೇಟಿನಲ್ಲಿ ಕೆಂಚ ಈಗ ಕುಂಯ್ ಅನ್ನುತ್ತಿದೆ, ಮುಂಗಾಲಿನಿಂದ ತಗಡು ಕೆರೆಯುತ್ತಿದೆ, ಬಿಡು, ಬಿಟ್ಟುಬಿಡು, ಯಾರೋ ಒಳಗೆ ಅಂದ ಹಾಗೆ, ಯಾಕೋ ಕೈಯಿಂದ ನುಚ್ಚು ಜಾರಿತು, ಬೆಟ್ಟಮ್ಮ ಹೋಗಿ ಬಗ್ಗಿ ಮಂಕರಿ ಎತ್ತಿದಳು, ಇವನ್ನು ಬಿಟ್ಟರೆ ಅದು ಗೋಡೆ ಬಿಟ್ಟು ಹೋದೀತು, ಅದು ಹೋದರೆ ಗೇಟಿನ ಚಿಲಕ ತೆಗೆಯುವ ಶಕ್ತಿಯೂ ಬಂದೀತು ಅನ್ನಿಸಿತು, ಇಂಥ ಲೆಕ್ಕ ಯಾವ ತಲೆಯಿಂದ ಬರುತ್ತದೋ. ಮೂರು ಮರಿ ಬೆಳಕಿಗೆ ಕಣ್ಣು ಪಿಳಿಪಿಳಿ ಮಾಡುತ್ತ ನಿಂತವು. ಗೋಡೆಯ ಮೇಲಿನದು ರೆಕ್ಕೆ ಸ್ವಲ್ಪ ಬಿಚ್ಚಿ, ಕುಂಟುತ್ತ ಎರಡು ಹೆಜ್ಜೆ ಸರಿದು, ಗಂಟಲಲ್ಲಿ ಸಣ್ಣದೊಂದು ಸದ್ದು ಮಾಡಿತು, ಅದು ಕೂಗಲ್ಲ, ಇಷ್ಟು ದಿನ ಕೇಳದ ಸದ್ದು, ಹತ್ತಿರದವರಿಗೆ ಮಾತ್ರ ಮಾಡುವ ಸದ್ದು, ಮರಿಗಳು ಬೆಚ್ಚಿದವು — ಬೆಚ್ಚಿ, ತಿರುಗಿ, ಓಡಿ ಓಡಿ, ಚೆಲ್ಲಿದ ನುಚ್ಚು ಹೆಕ್ಕುತ್ತಿದ್ದ ಕೆಂಪು ಹ್ಯಾಟೆಯ ಹೊಟ್ಟೆಯ ಕೆಳಗೆ ನುಗ್ಗಿದವು, ಒಂದಕ್ಕೆ ಜಾಗ ಸಾಲದೆ ತಲೆ ಮಾತ್ರ ಒಳಗೆ ತುರುಕಿಕೊಂಡು ಬಾಲ ಹೊರಗೆ, ಹ್ಯಾಟೆ ಮೈಯೆಲ್ಲ ಉಬ್ಬಿಸಿ ಗೋಡೆಯ ಕಡೆ ಕೆರಳಿ ನಿಂತಿತು, ತನ್ನವೇ ಅನ್ನುವ ಹಾಗೆ. ಅಯ್ಯೋ, ಎದ್ರುಕೋತಾವೆ ಅಂತ ಚಿನ್ನು ನಕ್ಕಳು. ಬೆಟ್ಟಮ್ಮ ಖಾಲಿ ಮಂಕರಿಯನ್ನು ಕೆಳಗಿಟ್ಟಳು, ಕೈಗುಣ, ನಿನ್ ಕೈಗುಣ ಯಾರಿಗೂ ಬರಕಿಲ್ಲ ಕಣಕ್ಕ, ಏಳು ದಿನ, ಇನ್ನೊಂದೇ ದಿನ ಕಣವ್ವ, ಮೂರು ತಿಂಗಳು ಕಣವ್ವ, ಗೋಡೆಯ ಮೇಲೆ ಅದು ಹಾಗೇ ನಿಂತಿದೆ, ಹಾರಲಿಲ್ಲ, ಇಳಿಯಲಿಲ್ಲ.

ಗೇಟಿನವರೆಗೆ ಇಷ್ಟು ದೂರ ಇತ್ತೆ ಯಾವಾಗಲೂ, ಕನಕಾಂಬರದ ಪಾತಿ, ತೊಳೆಯುವ ಕಲ್ಲು, ಧರ್ಮೇಂದ್ರ ಬೈಕು ನಿಲ್ಲಿಸುತ್ತಿದ್ದ ಜಾಗದಲ್ಲಿ ಇನ್ನೂ ಎಣ್ಣೆಯ ಕಲೆ, ಹಿಂದೆ ಚಿನ್ನು ಸೆರಗು ಹಿಡಿದು ಬರುತ್ತಿದ್ದಾಳೆ, ಯಾರವ್ವ ಬಂದಿರೋದು, ಕೆಂಚ ಯಾಕ್ ಬೊಗಳ್ತಿಲ್ಲ, ಬೊಗಳೋ ಕೆಂಚ, ಒಂದು ಸಲ ಬೊಗಳು, ಚಿಲಕ ತುಕ್ಕು ಹಿಡಿದಿದೆ, ಜಗ್ಗಿದರೆ ಕೈಗೆ ಕೆಂಪು ಅಂಟಿತು. ಸುನಿತಾ. ಕೆನ್ನೆ ಒಳಗೆ ಹೋಗಿದೆ, ಚೂಡಿದಾರ ಇಸ್ತ್ರಿ ಮಾಡಿದ್ದು, ತಲೆಗೆ ಹೂ ಮುಡಿದಿದ್ದಾಳೆ, ಮಗುವನ್ನು ನೋಡುವುದಕ್ಕೆ ಅಂತ ಹೂ ಮುಡಿದಿದ್ದಾಳೆ, ಎದೆಗೆ ಅವುಚಿಕೊಂಡಿರುವುದು ಹೊಸ ಸ್ಕೂಲ್ ಬ್ಯಾಗು, ಗುಲಾಬಿ ಬಣ್ಣ, ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ, ಕೆಂಚ ಅವಳ ಕಾಲ ಸುತ್ತ ಸುತ್ತುತ್ತಿದೆ, ಅತ್ತೆ, ಮಗು ಮಲಗಿದ್ಯಾ ಅಂದಳು ಮೆಲ್ಲಗೆ, ಅಷ್ಟರಲ್ಲಿ ಸೆರಗಿನ ಹಿಂದೆ ಪುಟ್ಟ ಕಾಲು ಕಂಡಿತು, ಬ್ಯಾಗು ಕೆಳಗಿಟ್ಟು, ಮಣ್ಣಿನಲ್ಲೇ ಮಂಡಿಯೂರಿ, ಎರಡೂ ಕೈ ಚಾಚಿ, ಚಿನ್ನೂ ಅಂದಳು. ಮಗು ಬೆಚ್ಚಿತು. ತಿರುಗಿ ಬೆಟ್ಟಮ್ಮನ ಸೀರೆಯ ನೆರಿಗೆಯೊಳಗೆ ತಲೆ ತುರುಕಿತು. ಯಾರವ್ವ ಅವ್ರು. ಈಗ ಹೇಳಬೇಕು, ಹೇಳಿದರೆ ಮುಗಿಯಿತು, ಇದೇ ಅಲ್ಲವೆ ಇಷ್ಟು ವರ್ಷ ಬೇಡಿಕೊಂಡದ್ದು, ಮಗು ತನ್ನನ್ನು ಬಿಟ್ಟು ಯಾರ ಹತ್ತಿರವೂ ಹೋಗದಿರಲಿ ಅಂತ, ಹೋಗಲಿಲ್ಲ ನೋಡು, ಹೋಗಲಿಲ್ಲ — ನಿನ್ನ ಎತ್ತ ತಾಯಿ ಕಣವ್ವ, ಅಂದಳು ಬೆಟ್ಟಮ್ಮ, ಅಂದೇಬಿಟ್ಟಳು, ನಾನು ನಿಮ್ಮಜ್ಜಿ, ನಿಮ್ಮವ್ವ ಅವಳೇಯ, ಓಗು. ನೆರಿಗೆಯೊಳಗಿಂದ ನಗು ಕೇಳಿಸಿತು. ಸುಳ್ಳು ಯೋಳ್ಬ್ಯಾಡ, ನೀನೇ ನಮ್ಮವ್ವ, ಅಂದು ಮಗು ಎರಡೂ ತೋಳಲ್ಲಿ ಅವಳ ಕಾಲು ಇನ್ನೂ ಬಿಗಿಯಾಗಿ ತಬ್ಬಿಕೊಂಡಿತು, ಓಗವ್ವ ಓಗು, ಬೆರಳು ಬಿಡಿಸಿದರೆ ಮತ್ತೆ ಹಿಡಿಯುತ್ತದೆ, ಒಂದೊಂದಾಗಿ ಬಿಡಿಸಿದರೂ ಹಿಡಿಯುತ್ತದೆ, ಸುನಿತಾ ಅಳುತ್ತಿಲ್ಲ, ಬೈಯುತ್ತಿಲ್ಲ, ಬೈಯವ್ವ, ಬಾಯಿಗೆ ಬಂದಂಗೆ ಬೈದ್ಬುಡು, ಬೀದಿಗೆಲ್ಲ ಕೇಳುವಂತೆ ಕೂಗು, ಅವಳು ಮಂಡಿಯೂರಿದಲ್ಲೇ, ಗೇಟಿನ ಆಚೆಯೇ, ನೆರಿಗೆಯ ಮರೆಯ ಮುಖ ಒಂದು ಚೂರಾದರೂ ಕಂಡೀತೆ ಅಂತ ಮುಂದಕ್ಕೆ ಬಾಗಿ ಕತ್ತು ಚಾಚಿದಳು, ಚಾಚಿದ ಕತ್ತು, ಹಿಂದೆ ಹಿತ್ತಿಲಲ್ಲಿ ಮುಳ್ಳಿನ ಗೋಡೆ, ಅದರ ಮೇಲೆ ಕತ್ತು, ಊರದ ಎಡಗಾಲು, ಕೂಗಲಿಲ್ಲ, ಕತ್ತು, ಚಾಚಿದ ಕತ್ತು —