ಕುರಿಮರಿಯಂತೆ ಕೊಬ್ಬಿಸಿದ ನಾಯಿಮರಿ

ಮರಿ ಎಂದರೆ ಮೈತುಂಬಿಕೊಂಡಿರಬೇಕು, ಸವರಿದರೆ ಮೂಳೆ ಕೈಗೆ ಸಿಗಬಾರದು. ನಲವತ್ತು ವರ್ಷ ಕುರಿಮರಿಗಳನ್ನು ಹಾಗೇ ಸಾಕಿ ಭೇಷ್ ಎನ್ನಿಸಿಕೊಂಡವಳು ನಾನು. ನಮ್ಮ ಕಾವಲು ನಾಯಿ ಆರು ಮರಿ ಹಾಕಿದಾಗ, ಇವನ್ನು ಬೆಳೆಸುವುದನ್ನೂ ಯಾರಾದರೂ ನನಗೆ ಹೇಳಿಕೊಡಬೇಕೇ ಎಂದುಕೊಂಡೆ. ಎಡವಿದ್ದು ಅಲ್ಲೇ.

ಇವು ಮಂದೆ ಕಾಯುವ ದೊಡ್ಡ ತಳಿಯವು. ತಾಯಿ ಎದ್ದು ನಿಂತರೆ ನನ್ನ ಸೊಂಟದವರೆಗೆ ಬರುತ್ತದೆ. ಆರೂ ಮರಿಗಳು ಯಾರ್ಯಾರ ಮನೆಗೆ ಎಂದು ಮೊದಲೇ ನಿಗದಿಯಾಗಿತ್ತು. ದುಂಡಗಿದ್ದ ಗುಂಡ ನನ್ನ ಮಗಳಿಗೆ. ಅವಳ ಮಂದೆಗೆ ಆ ವರ್ಷ ಎರಡು ಸಲ ತೋಳ ನುಗ್ಗಿ ಏಳು ಕುರಿಮರಿ ಹೋಗಿದ್ದವು. "ಗುಡ್ಡಕ್ಕೆ ಬಿಡೋಕೇ ಭಯ ಆಗುತ್ತಮ್ಮ, ಒಂದು ಒಳ್ಳೆ ನಾಯಿ ಕೊಡು" ಎಂದು ಅತ್ತಿದ್ದಳು. ಅದಕ್ಕೇ ಗುಂಡನ ಮೇಲೆ ನನಗೆ ಎಲ್ಲಿಲ್ಲದ ಮುದ್ದು.

ತಾಯಿಹಾಲು ಬಿಡಿಸಿದ ಮೇಲೆ ಸೊಸೆ ದಿನಕ್ಕೆ ನಾಲ್ಕು ಸಲ ಲೋಟದಲ್ಲಿ ಅಳೆದು ಆಹಾರ ಹಾಕುತ್ತಿದ್ದಳು. ನೋಡಿದರೆ ನನಗೆ ಸಂಕಟ.

"ಇದೇನೇ, ಗುಬ್ಬಿಗೆ ಹಾಕಿದ ಹಾಗೆ ಹಾಕ್ತೀಯ?"

"ದೊಡ್ಡ ತಳಿ ಮರಿಗೆ ಅಂತಲೇ ಮಾಡಿರೋದು ಅತ್ತೆ. ಚೀಲದ ಮೇಲೆ ಇಷ್ಟೇ ಅಂತ ಬರೆದಿದ್ದಾರೆ."

"ಬರೆದವನು ಕುರಿ ಸಾಕಿದ್ದಾನಾ?"

"ಇದು ಕುರಿ ಅಲ್ವಲ್ಲ ಅತ್ತೆ."

ನಾನು ಮೂಗು ಮುರಿದೆ. ಅವಳು ಬೆನ್ನು ತಿರುಗಿಸಿದ್ದೇ ತಡ, ಗುಂಡನ ತಟ್ಟೆಗೆ ಇನ್ನೆರಡು ಲೋಟ ಸುರಿಯುತ್ತಿದ್ದೆ. ಮೂಳೆ ಗಟ್ಟಿಯಾಗಲಿ ಎಂದು, ಹಾಲು ಕೊಡುವ ಕುರಿಗಳಿಗೆ ತಂದಿಟ್ಟಿದ್ದ ಕ್ಯಾಲ್ಸಿಯಂ ಪುಡಿಯನ್ನೂ ಬೆರೆಸಿದೆ. ಕುರಿಮರಿ ತೂಗುವ ತಕ್ಕಡಿಗೆ ವಾರಕ್ಕೊಮ್ಮೆ ಅವನನ್ನು ಹಾಕಿ, ಮುಳ್ಳು ಸರಿದದ್ದು ನೋಡಿ ಬೀಗಿದ್ದೇ ಬೀಗಿದ್ದು.

ಹತ್ತನೇ ವಾರ ಗುಂಡ ಕುಂಟತೊಡಗಿದ. ಮುಂಗಾಲು ಮಣಿಕಟ್ಟಿನ ಬಳಿ ಬಾಗಿ, ಪಾದ ಹೊರಕ್ಕೆ ತಿರುಗಿತ್ತು. ನಾಲ್ಕು ಹೆಜ್ಜೆ ಇಟ್ಟು ಕುಂಯ್ ಎಂದು ಕೂತುಬಿಟ್ಟ. ಮುಂದಿನ ವಾರವೇ ಮಗಳು ಕರೆದೊಯ್ಯಲು ಬರುವವಳಿದ್ದಳು.

ಸೊಸೆ ಪಶುವೈದ್ಯೆಯನ್ನು ಕರೆಸಿದಳು. ಆಕೆ ಗುಂಡನ ಮೈ ಒತ್ತಿ ಒತ್ತಿ ನೋಡಿದರು.

"ಇವನ ಪಕ್ಕೆಲುಬು ಎಲ್ಲಜ್ಜಿ?"

"ಒಳಗಿದೆ."

"ಚೆನ್ನಾಗಿ ಬಚ್ಚಿಟ್ಟಿದ್ದೀರಿ. ಏನೇನು ಹಾಕಿದ್ರಿ?"

ಸೊಸೆಗೆ ಎಲ್ಲ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಅವಳ ಆ ದೊಡ್ಡತನಕ್ಕೇ ನಾಚಿಕೆಯಾಗಿ ನಾನೇ ಒಪ್ಪಿಕೊಂಡೆ.

"ಕುರಿಮರೀನ ಕೆಲವೇ ತಿಂಗಳಲ್ಲಿ ಮಾರೋಕೆ ಕೊಬ್ಬಿಸ್ತೀರಿ" ಎಂದರು ವೈದ್ಯೆ. "ಇವನು ವರ್ಷಗಟ್ಟಲೆ ಗುಡ್ಡ ಹತ್ತಿ ಇಳೀಬೇಕು. ಮೈ ಬೇಗ ಭಾರ ಆದ್ರೆ ಎಳೆ ಕೀಲು ತಡ್ಕೊಳ್ಳಲ್ಲ. ಆ ಪುಡಿ ಇನ್ನೂ ಕೆಡುಕು. ದೊಡ್ಡ ತಳಿ ಮರಿಗೆ ಹೆಚ್ಚಿನ ಕ್ಯಾಲ್ಸಿಯಂ ಕೊಟ್ರೆ ಮೂಳೆ ಗಟ್ಟಿ ಆಗಲ್ಲ, ಸೊಟ್ಟ ಆಗುತ್ತೆ."

"ಇವನಿನ್ನು ನಡೆಯಲ್ವಾ ತಾಯಿ?" ಎಂದು ಕೇಳಿದೆ.

"ಬೇಗ ಕರೆಸಿದ್ದೀರಿ, ಸರಿಹೋಗೋ ಹಾಗಿದೆ. ಅಳತೆ ತಪ್ಪಬೇಡಿ, ಪುಡಿ ಬಿಡಿ. ಜಾರೋ ಸಿಮೆಂಟು ನೆಲಕ್ಕೆ ಒಣಹುಲ್ಲು ಹಾಸಿ. ಮೂರು ವಾರ ಬಿಟ್ಟು ಬರ್ತೀನಿ."

ಮಗಳಿಗೆ ಫೋನ್ ಮಾಡಿ, ತಪ್ಪು ನನ್ನದೇ ಎಂದೆ. "ಕಾಯ್ತೀನಮ್ಮ" ಎಂದಳು. ಆಹಾರದ ಡಬ್ಬಕ್ಕೆ ಬೀಗ ಹಾಕಿಸಿ ಬೀಗದ ಕೈಯನ್ನು ಸೊಸೆಗೆ ಕೊಟ್ಟೆ. "ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಕಣೇ" ಎಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುಂಡ ತಟ್ಟೆ ನೆಕ್ಕಿ ನನ್ನತ್ತ ಒಂದು ನೋಟ ಬೀರುತ್ತಿದ್ದ. ನಾನು ಕಲ್ಲುಮನಸ್ಸು ಮಾಡಿ ಮುಖ ತಿರುಗಿಸುತ್ತಿದ್ದೆ.

ಕುರಿಮರಿಗಳ ಪಕ್ಕದಲ್ಲೇ ಅವನ ಹುಲ್ಲಿನ ಹಾಸಿಗೆ. ಮೂರನೇ ವಾರ ಒಂದು ಕುರಿಮರಿ ಅವನ ಮೇಲೆ ಹಾರಿ ಓಡಿತು. ಗುಂಡ ಎದ್ದವನೇ ಅದರ ಹಿಂದೆ ಹೊರಟ. ಕಾಲು ನೆಟ್ಟಗೆ ಬೀಳುತ್ತಿತ್ತು. ನಾನೂ ಸೊಸೆಯೂ ದೊಡ್ಡಿಯಲ್ಲೇ ನಿಂತು ಅತ್ತು, ನಕ್ಕು, ಒಲೆ ಮೇಲಿಟ್ಟಿದ್ದ ಹಾಲು ಮರೆತೆವು.

ವೈದ್ಯೆ ಒಪ್ಪಿದ ಮೇಲೆ ಮಗಳು ಬಂದಳು. ಸೊಸೆ ಅವಳಿಗೆ ಲಸಿಕೆ, ಜಂತುಹುಳದ ಔಷಧಿಯ ಚೀಟಿಯನ್ನೂ ಹತ್ತು ದಿನಕ್ಕಾಗುವಷ್ಟು ಅದೇ ಆಹಾರವನ್ನೂ ಕಟ್ಟಿಕೊಟ್ಟಳು.

"ಸಣ್ಣಗಿದ್ದಾನಲ್ಲಮ್ಮ" ಎಂದಳು ಮಗಳು.

"ಪಕ್ಕೆ ಸವರಿ ನೋಡು. ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಅದೇ ಸರಿಯಾದ ಮೈ" ಎಂದೆ. ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಇದಾಗಿ ಎರಡು ವರ್ಷ. ಮೊನ್ನೆ ಮಗಳ ಮನೆಗೆ ಹೋಗಿದ್ದೆ. ಮಂದೆಯ ಜೊತೆ ಗುಡ್ಡ ಹತ್ತಿದೆವು. ನಾನು ಅರ್ಧಕ್ಕೇ ಏದುಸಿರು ಬಿಟ್ಟು ಕೂತೆ, ಗುಂಡ ಆಗಲೇ ನೆತ್ತಿಯಲ್ಲಿ ನಿಂತಿದ್ದ. ಈ ವರ್ಷ ಅವಳ ಒಂದು ಕುರಿಮರಿಯೂ ತೋಳದ ಪಾಲಾಗಿಲ್ಲ.

ಕಾವಲು ನಾಯಿಯ ಮರಿ ಸಾಕುವವರೇ, ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಊಟ ಅಳೆದು ಹಾಕಿ. ವೈದ್ಯರು ಹೇಳದೆ ಯಾವ ಪುಡಿಯನ್ನೂ ಬೆರೆಸಬೇಡಿ. ಹೊಸ ಮನೆಗೆ ಕಳಿಸುವಾಗ ಹಳೆಯ ಆಹಾರವನ್ನೂ ಜೊತೆಗೆ ಕೊಡಿ, ಬದಲಾವಣೆ ನಿಧಾನವಾಗಿ ಆಗಲಿ. ನನಗೆ ಹೇಳಲು ಸೊಸೆಯಿದ್ದಳು, ನಾನು ಕೇಳಲಿಲ್ಲ. ನಿಮಗೆ ನಾನು ಹೇಳುತ್ತಿದ್ದೇನೆ, ನೀವಾದರೂ ಕೇಳಿ.